ಎಳೆಯರ ಇಂಗ್ಲಿಷ್ ಉಚ್ಚಾರಣೆಯೂ ಹಾಡೂ: ಕನ್ನಡ ಪಂಡಿತನೊಬ್ಬನ ವಿಚಾರ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ನಾನು ಎಂದಿನಂತೆ ವಚನ ಸಾಹಿತ್ಯದ ಯಾವುದಾದರೊಂದು ಮುಖವನ್ನೋ ಹರಿಹರನ ರಗಳೆಗಳನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಈ ಸಲ ಎಳೆಯ ಮಕ್ಕಳ ಇಂಗ್ಲಿಷ್ ಉಚ್ಚಾರಣೆಯ ಬಗೆಗೆ ಬರೆಯುವೆನೆಂದು ಹೇಳಿದಾಗ ಒಬ್ಬರು ನಕ್ಕರು, ಮತ್ತೊಬ್ಬರು, “ಪಂಡಿತರೇ, ನಿಮಗೇಕೆ ಆ ಗೊಡವೆ?” ಎಂದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಕೊಡುವ ಪ್ರಯತ್ನವೇ ಈ ಬರಹ.

ನಾನು ಪಾಠ ಹೇಳುವ ಕೊಠಡಿಗೂ ಮೂರನೆಯ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಎಷ್ಟೋ ವರ್ಷಗಳ ಕಾಲ ಆ ಗೋಡೆಯ ಆಚೆಯಿಂದ ಸಿ-ಎ-ಟಿ ಕ್ಯಾಟ್, ಡಿ-ಓ-ಜಿ ಡಾಗ್ ಎಂಬ ಏಕತಾನದ ಘೋಷ ಕೇಳಿಬರುತ್ತಿತ್ತು. ಕೆಲವು ವರ್ಷಗಳ ಹಿಂದೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಆ ಘೋಷವನ್ನು ನಿಲ್ಲಿಸಿ ಮಕ್ಕಳಿಂದ ಹಾಡಿಸತೊಡಗಿದರು. ಆಚೆ ಚಪ್ಪಾಳೆ, ಹೆಜ್ಜೆಯ ಸಪ್ಪಳ, ನಲವತ್ತು ಕೊರಳುಗಳ ಇಂಗ್ಲಿಷ್ ಹಾಡು. ಈಚೆ ನಾನು ರಾಘವಾಂಕನ ಷಟ್ಪದಿಯನ್ನು ವಾಚಿಸುತ್ತ ನಿಂತಿದ್ದೆ. ‘ಪಾಠದ ಹೊತ್ತಿನಲ್ಲಿ ಇದೆಂಥ ಆಟ’ ಎಂದು ಮುಖ್ಯೋಪಾಧ್ಯಾಯರಲ್ಲಿ ದೂರಿಕೊಂಡವನೂ ನಾನೇ. ಅವರು, “ಒಂದು ತಿಂಗಳು ಸೈರಿಸಿ ಕೇಳಿರಿ, ಆಮೇಲೆ ಹೇಳಿರಿ” ಎಂದರು. ನಾನು ಕೇಳಿದೆ. ಕೇಳಿದ ಮೇಲೆ ದೂರನ್ನು ಹಿಂದಕ್ಕೆ ಪಡೆದೆ.

ಆ ತರಗತಿಯಲ್ಲಿ ಪ್ರಸಾದ ನಿಲಯದ ಹುಡುಗನೊಬ್ಬನಿದ್ದ. ಅವನ ಮನೆಯಲ್ಲಾಗಲಿ ಊರಿನಲ್ಲಾಗಲಿ ಇಂಗ್ಲಿಷ್ ಆಡುವವರು ಯಾರೂ ಇರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ವಚನಗಳನ್ನು ನಿರ್ಭಯವಾಗಿ ಹೇಳುತ್ತಿದ್ದ ಅವನು ಇಂಗ್ಲಿಷ್ ಪುಸ್ತಕವನ್ನು ಕೈಗೆ ಕೊಟ್ಟೊಡನೆ ಮೂಕನಾಗುತ್ತಿದ್ದ. ಒಂದು ದಿನ ಪ್ರಸಾದದ ಹೊತ್ತಿನಲ್ಲಿ ಕೈ ತೊಳೆಯುತ್ತ ಅವನು ಆ ಹಾಡನ್ನು ತನ್ನಷ್ಟಕ್ಕೆ ಹೇಳಿಕೊಳ್ಳುವುದನ್ನು ಕೇಳಿದೆ. ಕೆಲವು ವಾರಗಳ ಬಳಿಕ ಅವನು ಶಿಕ್ಷಕಿಗೆ ‘ದ ವಾಟರ್ ಈಸ್ ಕೋಲ್ಡ್’ ಎಂದು ಹೇಳಿದ. ನಾಲ್ಕೇ ಪದಗಳ ಮಾತು. ಆದರೆ ಆ ಮಾತು ಎಲ್ಲಿ ಏಳಬೇಕೋ ಅಲ್ಲಿ ಎದ್ದು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಹಾಗೆ ಹೇಳಲು ಬರುವುದಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ.

ನನ್ನ ತಲೆಮಾರಿನವರು ಐದನೆಯ ತರಗತಿಗೆ ಬಂದ ಮೇಲೆ ಇಂಗ್ಲಿಷ್ ಅಕ್ಷರದ ಮುಖವನ್ನು ಕಂಡವರು. ಪ್ರತಿಯೊಂದು ಇಂಗ್ಲಿಷ್ ಪದದ ಕೆಳಗೆ ಅದರ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆವು. ವಿದ್ವತ್ ಪದವಿ ಪಡೆದ ಹೊಸತರಲ್ಲಿ ಕಾರ್ಯನಿಮಿತ್ತವಾಗಿ ದೂರದ ನಗರದ ಕಚೇರಿಯೊಂದಕ್ಕೆ ಹೋಗಿದ್ದೆ. ಅಲ್ಲಿನ ಅಧಿಕಾರಿಗೆ ಕನ್ನಡ ಬಾರದು. ನನ್ನ ಮಾತಿನಲ್ಲಿ ‘ಡೆವಲಪ್‌ಮೆಂಟ್’ ಎಂಬ ಪದ ಬಂತು. ಅವರು ಮೂರು ಸಲ ‘ಏನು?’ ಎಂದು ಕೇಳಿದರು. ನಾನು ಮೂರು ಸಲವೂ ಒಂದೊಂದಕ್ಷರವನ್ನೂ ಬಿಡಿಸಿ ಸ್ಫುಟವಾಗಿ ಹೇಳಿದೆ. ಕೊನೆಗೆ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಸುತ್ತ ಕುಳಿತಿದ್ದ ಗುಮಾಸ್ತರು ನಕ್ಕರು. ಆ ನಗೆಯ ತರುವಾಯ ಬಹುಕಾಲ ನಾನು ಸಭೆಗಳಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ನನ್ನ ಅಕ್ಷರಗಳಲ್ಲಿ ಒಂದೂ ತಪ್ಪಿರಲಿಲ್ಲ. ಹಾಗಿದ್ದರೆ ತಪ್ಪಿದ್ದುದು ಯಾವುದು? ಇದಕ್ಕೆ ಉತ್ತರ ದೊರೆತುದು ಇಂಗ್ಲಿಷ್ ವ್ಯಾಕರಣದಿಂದಲ್ಲ, ನಾನು ಓದಿದ ಹಳೆಯ ಶಾಸ್ತ್ರದಿಂದಲೇ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಉಚ್ಚಾರಣ ಶಾಸ್ತ್ರಕ್ಕೆ ಆರು ವಿಷಯಗಳನ್ನು ಹೇಳುತ್ತದೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ವರ್ಣವೆಂದರೆ ಬಿಡಿ ಧ್ವನಿ. ಸ್ವರವೆಂದರೆ ದನಿಯ ಏರಿಳಿತ. ಮಾತ್ರೆಯೆಂದರೆ ಉಚ್ಚರಿಸಲು ಹಿಡಿಯುವ ಕಾಲ. ಬಲವೆಂದರೆ ಉಚ್ಚಾರಣೆಯಲ್ಲಿ ಹಾಕುವ ಪ್ರಯತ್ನ. ಸಾಮವೆಂದರೆ ಅತಿ ವೇಗವೂ ಅತಿ ವಿಳಂಬವೂ ಇಲ್ಲದ ಹದ. ಸಂತಾನವೆಂದರೆ ಧ್ವನಿಗಳು ಒಂದರೊಡನೊಂದು ಕೂಡಿ ಎಡೆಬಿಡದೆ ಹರಿಯುವುದು. ಇವು ವೇದಪಾಠಕ್ಕಾಗಿ ಹೇಳಿದವು. ಇಂಗ್ಲಿಷಿಗೆ ಅನ್ವಯಿಸುವುದು ನಾನು ವಹಿಸಿದ ಸ್ವಾತಂತ್ರ್ಯ. ಆದರೂ ಒಂದು ಮಾತು ನಿಶ್ಚಯ: ನಮ್ಮ ಶಾಲೆಗಳ ಇಂಗ್ಲಿಷ್ ಪಾಠದಲ್ಲಿ ಕಲಿಸುತ್ತಿರುವುದು ಈ ಆರರಲ್ಲಿ ಮೊದಲನೆಯದಾದ ವರ್ಣವೊಂದನ್ನೇ. ಉಳಿದ ಐದನ್ನು ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಆ ಐದರ ಬಾಗಿಲನ್ನು ತೆರೆಯುವ ಕೀಲಿಯೇ ಹಾಡು ಎಂಬುದು ನನ್ನ ಪ್ರತಿಪಾದನೆ.

ಇದನ್ನು ಸ್ವಲ್ಪ ವಿವರಿಸಬೇಕು. ಕನ್ನಡದಲ್ಲಿ ಅರ್ಥವನ್ನು ಕಾಯುವುದು ಮಾತ್ರೆ. ಬಿಡು ಎಂಬುದು ಬೀಡು ಆದರೆ, ಕಡು ಎಂಬುದು ಕಾಡು ಆದರೆ ಅರ್ಥವೇ ಬೇರೆ. ಆದುದರಿಂದ ಲಘುವನ್ನು ಲಘುವಾಗಿ, ಗುರುವನ್ನು ಗುರುವಾಗಿ, ಪ್ರತಿಯೊಂದಕ್ಷರವನ್ನೂ ಅದರ ಪೂರ್ಣ ರೂಪದಲ್ಲಿ ಉಚ್ಚರಿಸುವುದೇ ನಮ್ಮಲ್ಲಿ ಶುದ್ಧಿ. ನಾನು ಮಕ್ಕಳಿಗೆ ದಿನವೂ ಹೇಳುವುದು ಅದನ್ನೇ: ‘ಅಕ್ಷರವನ್ನು ನುಂಗಬೇಡ.’ ಇಂಗ್ಲಿಷಿನಲ್ಲಾದರೋ ಅರ್ಥವನ್ನು ಬಹುಮಟ್ಟಿಗೆ ಕಾಯುವುದು ಬಲ. ನಮ್ಮ ಒತ್ತಕ್ಷರದ ಒತ್ತು ಇದಲ್ಲ. ಪದದ ಒಂದು ಭಾಗವನ್ನು ಉಳಿದವುಗಳಿಗಿಂತ ಎತ್ತಿ ಹೇಳುವುದು. ‘ಫೋಟೊಗ್ರಾಫ್’ ಎಂಬಲ್ಲಿ ಬಲ ಮೊದಲ ಭಾಗದ ಮೇಲೆ. ‘ಫೊಟಾಗ್ರಫರ್’ ಎಂಬಲ್ಲಿ ಎರಡನೆಯದರ ಮೇಲೆ. ‘ಫೋಟೊಗ್ರಾಫಿಕ್’ ಎಂಬಲ್ಲಿ ಮೂರನೆಯದರ ಮೇಲೆ. ‘ರೆಕಾರ್ಡ್’ ಎಂಬ ಒಂದೇ ಕಾಗುಣಿತದ ಪದ, ಬಲ ಮೊದಲಲ್ಲಿ ಬಿದ್ದರೆ ನಾಮಪದ, ಕೊನೆಯಲ್ಲಿ ಬಿದ್ದರೆ ಕ್ರಿಯಾಪದ. ಬಲ ಬೀಳದ ಭಾಗಗಳಲ್ಲಿ ಸ್ವರಾಕ್ಷರ ಬಹುಸಲ ಮಂಕಾಗಿ, ಅರ್ಧ ನುಂಗಿದಂತೆ ಕೇಳುತ್ತದೆ. ಅಂದರೆ ಕನ್ನಡದಲ್ಲಿ ದೋಷವಾದುದು ಅಲ್ಲಿ ನಿಯಮ! ‘ಡೆವಲಪ್‌ಮೆಂಟ್’ ಎಂಬ ಪದದಲ್ಲಿ ಬಲ ಬೀಳಬೇಕಾದುದು ಎರಡನೆಯ ಭಾಗದ ಮೇಲೆ. ನಾನು ಎಲ್ಲ ಅಕ್ಷರಗಳನ್ನೂ ಸಮವಾಗಿ, ಮೊದಲನೆಯದನ್ನು ಕೊಂಚ ಗಟ್ಟಿಯಾಗಿ ಹೇಳಿದ್ದೆ. ಆ ಅಧಿಕಾರಿಯ ಕಿವಿಗೆ ಅದು ಆ ಪದವೇ ಆಗಿರಲಿಲ್ಲ.

ವಾಕ್ಯದಲ್ಲಿಯೂ ಇದೇ ನಡೆ. ‘ಬಾಯ್ಸ್ ಡ್ರಿಂಕ್ ಮಿಲ್ಕ್’ ಎಂಬುದರಲ್ಲಿ ಮೂರು ಪದ, ಮೂರು ಪೆಟ್ಟು. ‘ದ ಬಾಯ್ಸ್ ಆರ್ ಡ್ರಿಂಕಿಂಗ್ ದ ಮಿಲ್ಕ್’ ಎಂದಾಗ ಪದಗಳು ಆರಾದರೂ ಪೆಟ್ಟು ಮೂರೇ; ನಡುವೆ ಬಂದ ಸಣ್ಣ ಪದಗಳು ಪೆಟ್ಟುಗಳ ಸಂದಿನಲ್ಲಿ ಮುದುರಿಕೊಂಡು ಕೂರುತ್ತವೆ. ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್ ಅವರು 1945ರಲ್ಲಿ ಇಂಥ ಲಯವನ್ನು ಬಲದ ಅಳತೆಯದೆಂದೂ, ಬೇರೆ ಕೆಲವು ಭಾಷೆಗಳ ಲಯವನ್ನು ಅಕ್ಷರದ ಅಳತೆಯದೆಂದೂ ವಿಂಗಡಿಸಿದರು. ಯಂತ್ರವಿಟ್ಟು ಅಳೆದಾಗ ಪೆಟ್ಟುಗಳ ನಡುವಣ ಕಾಲ ಕಟ್ಟುನಿಟ್ಟಾಗಿ ಸಮನಾಗಿರುವುದಿಲ್ಲವೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಕಲಿಸುವವನ ಮಟ್ಟಿಗೆ ಈ ಭೇದ ಬಹೂಪಯೋಗಿ.

ಈ ವ್ಯತ್ಯಾಸವನ್ನು ಕನ್ನಡಿಗರು ಅರಿಯದವರೇನಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಎದುರಿಸಿದ ತೊಡಕೂ ಇದೇ ಆಗಿತ್ತು: ಬಲದ ಮೇಲೆ ನಡೆಯುವ ಕವಿತೆಯನ್ನು ಮಾತ್ರೆಯ ಮೇಲೆ ನಡೆಯುವ ಭಾಷೆಗೆ ತರುವುದು ಹೇಗೆ? ಅವರು ಕನ್ನಡದ ಮಾತ್ರಾಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಆ ನಡಿಗೆಯನ್ನು ನಮ್ಮ ಕಿವಿಗೆ ಹೊಂದಿಸಿದರು. ನವೋದಯದ ಛಂದಸ್ಸು ಆ ದಾರಿಯಲ್ಲಿ ಬೆಳೆಯಿತು. ಆ ಮಹನೀಯರು ಇಂಗ್ಲಿಷಿನ ಲಯವನ್ನು ಕನ್ನಡಕ್ಕೆ ತಂದರು. ನಮ್ಮ ಮಕ್ಕಳು ಕನ್ನಡದ ಲಯದಲ್ಲಿ ಬೆಳೆದ ಕಿವಿಯನ್ನು ಇಂಗ್ಲಿಷಿನ ಲಯಕ್ಕೆ ಒಯ್ಯಬೇಕಾಗಿದೆ. ದಾರಿ ಒಂದೇ, ನಡೆಯುವ ದಿಕ್ಕು ಬೇರೆ.

ಏಳೆಂಟು ವರ್ಷದ ಮಗುವಿಗೆ ಈ ಶಾಸ್ತ್ರವನ್ನು ವಿವರಿಸಲಾಗದು, ವಿವರಿಸಲೂ ಬಾರದು. ಹಾಡಾದರೋ ವಿವರಣೆಯಿಲ್ಲದೆ ಕಲಿಸುತ್ತದೆ. ತಾಳ ಬಿದ್ದ ಕಡೆ ಬಲ ಬೀಳುತ್ತದೆ. ತಾಳದ ನಡುವಣ ಪದಗಳು ತಾವಾಗಿಯೇ ಹಗುರವಾಗುತ್ತವೆ. ‘ಪಿಕ್ ಇಟ್ ಅಪ್’ ಎಂಬ ಮೂರು ತುಂಡುಗಳು ಹಾಡಿನಲ್ಲಿ ‘ಪಿಕಿಟಪ್’ ಎಂದು ಕೂಡಿಕೊಳ್ಳುತ್ತವೆ. ಊರು, ಅಲ್ಲಿ ಎಂಬೆರಡು ಸೇರಿ ‘ಊರಲ್ಲಿ’ ಆಗುವುದನ್ನು ಬಲ್ಲ ಮಗುವಿಗೆ ಇಂಥ ಸಂತಾನವೇನೂ ಅಪರಿಚಿತವಲ್ಲ. ಪದದ ಕೊನೆಗೆ ಉಕಾರ ಹಚ್ಚಿ ಬಸ್ಸು, ಬುಕ್ಕು, ಪೆನ್ನು ಎನ್ನುವುದು ಕನ್ನಡದೊಳಗೆ ಕನ್ನಡದ ಹಕ್ಕು. ಅದನ್ನು ಹಳಿಯುವವನು ನಾನಲ್ಲ. ಆದರೆ ಇಂಗ್ಲಿಷ್ ಆಡುವಾಗ ಆ ಉಕಾರವನ್ನು ಬಿಡಬೇಕು. ತಾಳವು ಆ ಹೆಚ್ಚಿನ ಉಕಾರಕ್ಕೆ ಎಡೆಗೊಡುವುದಿಲ್ಲವಾದುದರಿಂದ ಹಾಡುವ ಮಗು ಅದನ್ನು ಹೇಳಿಸಿಕೊಳ್ಳದೆಯೇ ಬಿಡುತ್ತದೆ.

ಹಾಡು ನೆನಪಿಗೆ ಒದಗುತ್ತದೆಂಬುದನ್ನು ವಚನಗಳನ್ನು ಕಂಠದಲ್ಲಿ ಉಳಿಸಿಕೊಂಡು ಬಂದ ನಮ್ಮ ಸಮಾಜಕ್ಕೆ ಹೇಳಬೇಕಾಗಿಲ್ಲ. ಆಧುನಿಕರೂ ಇದನ್ನು ಪರೀಕ್ಷಿಸಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿ ವಯಸ್ಕರಿಗೆ ಅವರಿಗೆ ತಿಳಿಯದ ಹಂಗೇರಿಯನ್ ಭಾಷೆಯ ನುಡಿಗಳನ್ನು ಮೂರು ಬಗೆಯಲ್ಲಿ ಕಲಿಸಿದರು: ಬರಿಯ ಮಾತಾಗಿ, ತಾಳಬದ್ಧ ಮಾತಾಗಿ, ಹಾಡಾಗಿ. ಆ ನುಡಿಗಳನ್ನು ನೆನಪಿನಿಂದ ಮರಳಿ ಹೇಳುವ ಪರೀಕ್ಷೆಗಳಲ್ಲಿ ಹಾಡಿ ಕಲಿತವರದೇ ಮೇಲುಗೈ. ಇದು ವಯಸ್ಕರ ನೆನಪಿನ ಪರೀಕ್ಷೆ. ಮಕ್ಕಳ ಉಚ್ಚಾರಣೆಗೆ ನೇರವಾಗಿ ಹೊಂದಿಸಲಾಗದು. ಆದರೂ ನೆನಪಿನಲ್ಲಿ ನಿಲ್ಲದ ನುಡಿ ನಾಲಗೆಯಲ್ಲಿ ತಿದ್ದುಪಡೆಯುವುದೆಂತು?

ಇಷ್ಟು ಹೇಳಿದೆನೆಂದು ಎಲ್ಲ ಹಾಡುಗಳೂ ಒಳ್ಳೆಯವೆಂದು ಭಾವಿಸಬಾರದು. ಇಂಗ್ಲಿಷ್ ಅಕ್ಷರಮಾಲೆಯ ಹಾಡು 1835ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಪ್ರಕಟವಾಯಿತು. ಅದರ ಧಾಟಿ ಫ್ರಾನ್ಸಿನ ಹಳೆಯದೊಂದು ಧಾಟಿ. ಜೇನ್ ಟೇಲರ್ ಎಂಬಾಕೆ 1806ರಲ್ಲಿ ಪ್ರಕಟಿಸಿದ ನಕ್ಷತ್ರದ ಪದ್ಯವನ್ನು ಹಾಡುವುದೂ ಅದೇ ಧಾಟಿಯಲ್ಲಿ. ಆ ಪದ್ಯದಲ್ಲಿ ತಾಳವೂ ಪದದ ಬಲವೂ ಬಹುಮಟ್ಟಿಗೆ ಜೊತೆಗೂಡಿ ನಡೆಯುತ್ತವೆ. ಅಕ್ಷರಮಾಲೆಯ ಹಾಡಿನಲ್ಲಾದರೋ ಎಲ್, ಎಂ, ಎನ್, ಓ, ಪಿ ಎಂಬ ಐದಕ್ಷರಗಳು ಇಕ್ಕಟ್ಟಿನಲ್ಲಿ ನುಗ್ಗಿ ಹೋಗುವುದರಿಂದ, ಅವೆಲ್ಲ ಕೂಡಿ ಒಂದೇ ಅಕ್ಷರವೆಂದು ತಿಳಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಒಂದೇ ಧಾಟಿ ಒಂದು ಕಡೆ ಉಪಕಾರಿ, ಇನ್ನೊಂದು ಕಡೆ ಅಪಕಾರಿ. ಆದುದರಿಂದ ಹಾಡನ್ನು ಆರಿಸುವ ಮೊದಲು ಶಿಕ್ಷಕರು ಒಂದು ಪರೀಕ್ಷೆ ಮಾಡಬೇಕು. ಮೊದಲು ಸಾಲನ್ನು ಮಾತಿನಂತೆ ಹೇಳಿ ಬಲ ಬಿದ್ದಲ್ಲಿ ಚಪ್ಪಾಳೆ ತಟ್ಟಬೇಕು. ಆಮೇಲೆ ಅದನ್ನೇ ಹಾಡಿ ತಾಳ ಬಿದ್ದಲ್ಲಿ ತಟ್ಟಬೇಕು. ಎರಡು ಚಪ್ಪಾಳೆಗಳೂ ಒಂದೇ ಕಡೆ ಬಿದ್ದರೆ ಹಾಡು ಯೋಗ್ಯ. ಬೇರೆ ಬೇರೆ ಬಿದ್ದರೆ ಎಷ್ಟೇ ಇಂಪಾಗಿದ್ದರೂ ಅದನ್ನು ಬಿಡಬೇಕು.

ಹಾಡಿಗೆ ಇನ್ನೂ ಎರಡು ಮಿತಿಗಳುಂಟು. ಮೊದಲನೆಯದಾಗಿ, ರಾಗವು ಮಾತಿನ ಸಹಜವಾದ ಏರಿಳಿತವನ್ನು ನುಂಗಿಬಿಡುತ್ತದೆ. ಪ್ರಶ್ನೆಯ ದನಿ, ಉತ್ತರದ ದನಿ ಎಲ್ಲವೂ ರಾಗದ ಅಧೀನವಾಗುತ್ತವೆ. ಇದಕ್ಕೆ ಪರಿಹಾರವಿದೆ: ಹಾಡಿದ್ದನ್ನು ರಾಗ ಬಿಟ್ಟು ತಾಳ ಮಾತ್ರ ಉಳಿಸಿಕೊಂಡು ಹೇಳಿಸುವುದು, ಆಮೇಲೆ ತಾಳವನ್ನೂ ಬಿಟ್ಟು ಮಾತಾಗಿ ಆಡಿಸುವುದು. ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಬೋಧಕಿಯಾಗಿದ್ದ ಕ್ಯಾರೊಲಿನ್ ಗ್ರಹಾಂ ಅವರು 1978ರಲ್ಲಿ ‘ಜಾಝ್ ಚಾಂಟ್ಸ್’ ಎಂಬ ಪುಸ್ತಕದಲ್ಲಿ ಈ ನಡುವಣ ಮೆಟ್ಟಿಲನ್ನೇ ಪಾಠಕ್ರಮವಾಗಿಸಿದರು. ದಿನಬಳಕೆಯ ಮಾತನ್ನು ಅದರ ಸ್ವಂತ ಲಯವನ್ನು ಕೆಡಿಸದೆ ತಾಳಕ್ಕೆ ಕೂರಿಸುವುದು ಅವರ ಕ್ರಮ. ನಮ್ಮ ಗಮಕದಲ್ಲಿ ವಾಚನವು ಮಾತಿಗೂ ಗಾಯನಕ್ಕೂ ನಡುವೆ ನಿಲ್ಲುವುದನ್ನು ಬಲ್ಲವರಿಗೆ ಈ ಮೆಟ್ಟಿಲು ಬೇಗ ಅರ್ಥವಾದೀತು.

ಎರಡನೆಯದಾಗಿ, ಬಿಡಿ ವರ್ಣಗಳ ದೋಷವನ್ನು ಹಾಡೊಂದೇ ತಿದ್ದಲಾರದು. ಇಂಗ್ಲಿಷಿನಲ್ಲಿ ‘ವಿ’ ಮತ್ತು ‘ಡಬ್ಲ್ಯೂ’ ಬೇರೆ ಬೇರೆ ಧ್ವನಿಗಳು. ನಮ್ಮ ವಕಾರ ಒಂದೇ. ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿದರೆ ಒಂದು, ತುಟಿಗಳೆರಡೂ ದುಂಡಗಾದರೆ ಇನ್ನೊಂದು. ಸ್ಥಾನ ಪ್ರಯತ್ನಗಳನ್ನು ಕಲಿತ ನಾವು ಮೊದಲನೆಯದನ್ನು ದಂತೋಷ್ಠ್ಯವೆನ್ನುತ್ತೇವೆ. ಹೆಸರು ಮಕ್ಕಳಿಗೆ ಬೇಡ. ಕನ್ನಡಿಯೊಂದನ್ನು ಕೈಗೆ ಕೊಟ್ಟು ತುಟಿಯನ್ನು ತೋರಿಸಿದರೆ ಸಾಕು.

ಇನ್ನು ಆಕ್ಷೇಪಗಳು. ಪರೀಕ್ಷೆಗೆ ಬಾರದ ಹಾಡಿಗಾಗಿ ವೇಳೆ ಕಳೆಯುವುದೇಕೆ ಎನ್ನುವವರಿದ್ದಾರೆ. ಪಾಠದ ಮೊದಲ ಐದು ನಿಮಿಷ ಸಾಕು. ಆದರೆ ಅದು ಪ್ರತಿದಿನದ ಐದು ನಿಮಿಷವಾಗಬೇಕು, ವಾರ್ಷಿಕೋತ್ಸವದ ಮುನ್ನಿನ ಒಂದು ವಾರವಲ್ಲ. ಯಾರ ಉಚ್ಚಾರಣೆ, ಲಂಡನ್ನಿನವರದೇ ಎಂದು ಕೇಳುವವರಿದ್ದಾರೆ. ಅಲ್ಲ. ನಮ್ಮ ಹುಡುಗ ನಮ್ಮವನಂತೆಯೇ ಮಾತನಾಡಲಿ. ಎದುರಿಗಿರುವವರು ಮೂರು ಸಲ ‘ಏನು?’ ಎನ್ನದಂತೆ ಮಾತನಾಡಿದರೆ ಸಾಕು. ಶಿಕ್ಷಕರ ಉಚ್ಚಾರಣೆಯೇ ಸರಿಯಿಲ್ಲದಿದ್ದರೆ ಮೊಬೈಲಿನಲ್ಲಿ ಹಾಡು ಹಾಕಿ ಕೇಳಿಸಬಹುದಲ್ಲ ಎನ್ನುವವರಿದ್ದಾರೆ. ಕೇಳಿಸಲಿ, ಒಳ್ಳೆಯದೇ. ಆದರೆ ಮೊಬೈಲು ಹಾಡುತ್ತದೆಯೇ ಹೊರತು ಮಗು ಹಾಡಿದ್ದನ್ನು ಕೇಳುವುದಿಲ್ಲ. ಕೇಳುವ ಕಿವಿ ಗುರುವಿನದೇ ಆಗಬೇಕು. ಆ ಕಿವಿಯನ್ನು ಪಳಗಿಸಲೆಂದೇ ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಶಿಕ್ಷಕರಿಗೆ ಇಂಥ ತರಬೇತಿ ದೊರೆಯುವಂತೆ ಆಡಳಿತ ಮಂಡಲಿಗಳು ಅನುಕೂಲ ಕಲ್ಪಿಸಬೇಕು.

ಕೊನೆಯ ಆಕ್ಷೇಪ ನನ್ನ ವೃತ್ತಿಬಾಂಧವರದು: ಇಂಗ್ಲಿಷನ್ನು ಹೀಗೆ ಸಿಹಿಗೊಳಿಸಿದರೆ ಕನ್ನಡದ ಗತಿಯೇನು? 2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತು. ಬರಬೇಕಾಗಿತ್ತೇ ಎಂಬ ವಾದ ಬೇರೆ. ಬಂದ ಮೇಲೆ ಅದನ್ನು ಕೆಟ್ಟದಾಗಿ ಕಲಿಸುವುದರಿಂದ ಕನ್ನಡಕ್ಕೆ ಕವಡೆಯಷ್ಟೂ ಲಾಭವಿಲ್ಲ. ಅಕ್ಕಿಯನ್ನು ಹಕ್ಕಿಯೆಂದೂ ಹಕ್ಕಿಯನ್ನು ಅಕ್ಕಿಯೆಂದೂ ಹೇಳುವ ಮಕ್ಕಳು ನಮ್ಮ ಕನ್ನಡ ತರಗತಿಯಲ್ಲಿಯೇ ಕುಳಿತಿದ್ದಾರೆ. ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳಿಗೆಂದು ಬರೆದ ಪದ್ಯಗಳನ್ನು ನಾವು ಹಾಡಿಸುತ್ತೇವೆಯೇ, ಇಲ್ಲವೆ ಅರ್ಥ ಬರೆಸಿ ಮುಗಿಸುತ್ತೇವೆಯೇ? ಪಕ್ಕದ ಕೊಠಡಿಯ ಹಾಡು ನನ್ನನ್ನು ಮೊದಲು ಕೆಣಕಿ ಆಮೇಲೆ ನಾಚಿಸಿದ್ದು ಈ ಕಾರಣಕ್ಕೆ. ಈಗ ನನ್ನ ತರಗತಿಯೂ ಐದು ನಿಮಿಷದ ಹಾಡಿನಿಂದ ಆರಂಭವಾಗುತ್ತದೆ. ಒಂದು ಭಾಷೆಯ ಲಯಕ್ಕೆ ಎಚ್ಚೆತ್ತ ಕಿವಿ ಇನ್ನೊಂದು ಭಾಷೆಯ ಲಯಕ್ಕೂ ಎಚ್ಚರವಾಗಿರುತ್ತದೆ.

ಕಲಿಸುವವರಲ್ಲಿ ನನ್ನ ಬಿನ್ನಹ ಮೂರೇ. ಹಾಡನ್ನು ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಕಟ್ಟಕಡೆಗೆ ಕಣ್ಣಿಗೆ ಕೊಡಿರಿ. ಸಾಲಿನ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆಯಿಸಬೇಡಿರಿ. ಈ ಲೇಖನದಲ್ಲಿ ನಾನೇ ಹಾಗೆ ಬರೆದಿದ್ದೇನೆ, ನಿಜ, ಇದು ದೊಡ್ಡವರಿಗಾಗಿ. ಎರಡನೆಯದು, ಕಾಣದ ದೇಶದ ಹಿಮವನ್ನೂ ಸೇತುವೆಯನ್ನೂ ಕುರಿತ ಹಾಡುಗಳ ಜೊತೆಗೆ ನಮ್ಮ ಕೊಟ್ಟಿಗೆಯ ಕರು, ಸಂತೆಯ ಸದ್ದು, ಮಳೆಯ ಹನಿಗಳನ್ನು ಕುರಿತು ನಾಲ್ಕು ಸರಳ ಇಂಗ್ಲಿಷ್ ಸಾಲುಗಳನ್ನು ನೀವೇ ಕಟ್ಟಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ತಪ್ಪಿದ ಮಗುವನ್ನು ಎಬ್ಬಿಸಿ ನಿಲ್ಲಿಸಿ ನಗಬೇಡಿರಿ, ನಗಲು ಬಿಡಬೇಡಿರಿ. ಮೇಳದ ಹಾಡಿನಲ್ಲಿ ಅಂಜುಬುರುಕ ಮಗು ಹತ್ತು ದನಿಗಳ ಮರೆಯಲ್ಲಿ ನಿಂತು ತನ್ನ ದನಿಯನ್ನು ತಿದ್ದಿಕೊಳ್ಳುತ್ತದೆ. ಆ ಮರೆ ಅದಕ್ಕೆ ಬೇಕು. ಬಳಿಕ ನಾಲ್ವರು, ಬಳಿಕ ಇಬ್ಬರು, ಧೈರ್ಯ ಬಂದ ಮೇಲೆ ಒಬ್ಬನೇ.

ಅನ್ನ, ಅಕ್ಷರ, ಆಶ್ರಯಗಳ ದಾಸೋಹದಲ್ಲಿ ಬೆಳೆದ ಮಕ್ಕಳು ನಮ್ಮವರು. ನಾಳೆ ಅವರು ದೂರದ ಕಚೇರಿಯೊಂದರ ಮೇಜಿನ ಮುಂದೆ ನಿಲ್ಲುತ್ತಾರೆ. ಅಂದು ಅವರ ಮಾತಿಗೆ ಯಾರೂ ನಗದಿರಲಿ. ನಕ್ಕರೂ ಅವರ ಬಾಯಿ ನನ್ನ ಬಾಯಿಯಂತೆ ಮುಚ್ಚಿಹೋಗದಿರಲಿ. ಮೂರನೆಯ ತರಗತಿಯ ಗೋಡೆಯಾಚೆಯ ಆ ಹಾಡಿಗೆ ನಾನು ಈಗ ಕಿವಿಗೊಟ್ಟು ಕೂರುವುದು ಇದೇ ಹಾರೈಕೆಯಿಂದ.